ಹವಳದ ದಿಬ್ಬಕ್ಕೆ ನೇತ್ರಾವತಿಯ ಹೊಯ್ಗೆ

ಬೆನ್ನಿಗೊಂದು ಚೀಲ ಬಿಗಿದು ದೇಶ ನೋಡಲು ಹೊರಡುವ ತರುಣ ದಂಪತಿಗಳು ಗುಂಡ್ಯಕ್ಕೆ ಹೊಸಬರಲ್ಲ. 1996ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು ನಿಂತಿತು. 2006ರಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಸರಕು ಗಾಡಿ ಓಡುವವರೆಗಿನ ಹತ್ತು ವರ್ಷ ಆ ದಾರಿಯಲ್ಲಿ ರೈಲಿಗಿಂತ ಚಾರಣಿಗರೇ ಹೆಚ್ಚು ಸಂಚರಿಸಿದರು. ದೋಣಿಗಾಲಿನಿಂದ ಸುರಂಗ, ಸೇತುವೆಗಳನ್ನು ದಾಟಿ ಎಡಕುಮೇರಿ ತಲುಪಿ, ಹೊಳೆ ಹಾಯ್ದು ಹೆದ್ದಾರಿಗೆ ಇಳಿದು, ಗುಂಡ್ಯದಲ್ಲಿ ಬಸ್ಸು ಹಿಡಿಯುವುದು ಅವರ ಕ್ರಮ. ಅವರು ಹೋದ ಮೇಲೆ ಹಳಿಯ ಇಕ್ಕೆಲಗಳಲ್ಲಿ ಉಳಿಯುತ್ತಿದ್ದ ಬಾಟಲಿ, ಪ್ಲಾಸ್ಟಿಕ್‌ಗಳ ರಾಶಿಯನ್ನು ಕಂಡವರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಮುಂದೆ ರೈಲ್ವೆಯವರು ಹಳಿಯ ಮೇಲಿನ ನಡಿಗೆಯನ್ನು ನಿಷೇಧಿಸಿದರು. ಚೀಲಗಳೆಲ್ಲ ಸುಬ್ರಹ್ಮಣ್ಯದ ದಾರಿ ಹಿಡಿದು ಕುಮಾರಪರ್ವತವನ್ನೇರಿದವು.

ಈಗ ಅದೇ ವರ್ಗದ ಪ್ರವಾಸಿಗರ ಕಣ್ಣು ಕಡಲಿನತ್ತ ಹೊರಳಿದೆ. 2024ರ ಜನವರಿಯ ಮೊದಲ ವಾರ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿ, ಮುಖಕ್ಕೆ ಗಾಜಿನ ಕವಚ ತೊಟ್ಟು, ಬಾಯಿಗೆ ಉಸಿರುಕೊಳವೆ ಕಚ್ಚಿ ಹವಳದ ದಿಬ್ಬಗಳ ಮೇಲೆ ತೇಲಿದ ಚಿತ್ರಗಳು ದೇಶದಾದ್ಯಂತ ಹರಿದಾಡಿದವು. ಅದೇ ವರ್ಷದ ಮೇ 3ರಂದು ‘ಪರಳಿ’ ಎಂಬ ವೇಗದ ಹಡಗು ಸುಮಾರು 160 ಪ್ರಯಾಣಿಕರನ್ನು ಹೊತ್ತು ದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ಪರೀಕ್ಷಾರ್ಥ ಯಾನ ಮಾಡಿತು. ಮೊದಲು ಹದಿಮೂರು ಗಂಟೆ ಹಿಡಿಯುತ್ತಿದ್ದ ದಾರಿ ಏಳು ಗಂಟೆಗೆ ಇಳಿಯಿತೆಂಬ ಸುದ್ದಿಗೆ ಮಂಗಳೂರಿನ ಪ್ರವಾಸೋದ್ಯಮ ವಲಯದಲ್ಲಿ ಸಹಜವಾಗಿಯೇ ಸಂತಸ ಮೂಡಿತು. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿಯುವ ದಂಪತಿ ಇನ್ನು ಮುಂದೆ ಗುಂಡ್ಯದಲ್ಲಿ ಚಹಾ ಕುಡಿದು, ಎಡಕ್ಕೆ ಸುಬ್ರಹ್ಮಣ್ಯದತ್ತ ತಿರುಗದೆ, ನೇರವಾಗಿ ಕಡಲಿಗೇ ಹೋಗಬಹುದು.

ಹಾಗಾದರೆ ಬೆಟ್ಟಕ್ಕೆ ಒದಗಿದ್ದ ಭಾರ ಇಳಿಯಿತೆಂದು ಮಲೆನಾಡಿನವರು ನಿಟ್ಟುಸಿರು ಬಿಡಬಹುದೆ? ಬಿಡುವಂತಿಲ್ಲ. ದ್ವೀಪದ ಮೇಲೆ ಬೀಳುವ ಭಾರದಲ್ಲಿ ಒಂದು ಪಾಲು ಮರಳಿ ಘಟ್ಟದ ಹೊಳೆಗಳ ಮೇಲೆಯೇ ಬೀಳುತ್ತದೆ. ಈ ಸಂಬಂಧವನ್ನು ಮಂಗಳೂರಿನಲ್ಲಾಗಲಿ ಕವರತ್ತಿಯಲ್ಲಾಗಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಹವಳ ನೋಡಬೇಕೆಂಬ ದಂಪತಿ ಅಷ್ಟು ದೂರ ಏಕೆ ಹೋಗಬೇಕು ಎಂಬಲ್ಲಿಂದಲೇ ಘಟ್ಟದ ಸಂಬಂಧ ಆರಂಭವಾಗುತ್ತದೆ. ಹವಳದ ಹುಳು ಬದುಕುವುದು ತಿಳಿಯಾದ, ಬಿಸಿಲು ತಳ ಮುಟ್ಟುವ ಉಪ್ಪುನೀರಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಶರಾವತಿಯಿಂದ ನೇತ್ರಾವತಿಯವರೆಗಿನ ಹೊಳೆಗಳು ಕರ್ನಾಟಕದ ಕಡಲಂಚಿಗೆ ಸುರಿಯುವ ಸಿಹಿನೀರು ಮತ್ತು ಕೆಮ್ಮಣ್ಣು ಅದಕ್ಕೆ ಒಗ್ಗುವುದಿಲ್ಲ. ತೀರದಿಂದ ದೂರ ಸರಿದ ನೇತ್ರಾಣಿಯಂಥ ದ್ವೀಪದ ಸುತ್ತ ಮಾತ್ರ ಒಂದಿಷ್ಟು ಹವಳವಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ಬಂಡೆದ್ವೀಪವನ್ನು ನೌಕಾಪಡೆ ಬಹುಕಾಲ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗೆ ಇಳಿದುದನ್ನು ನೋಡಿದ ಮೇಲೆ ನಾಡಿನ ಬಹಳ ಜನಕ್ಕೆ ಅದರ ಹೆಸರು ತಿಳಿಯಿತು. ಆದರೆ ನೇತ್ರಾಣಿ ಒಂದು ದಿನದ ಮಾತು. ಬಿಳಿ ಮರಳು, ಹಾಯಿದೋಣಿ, ತಿಳಿನೀಲಿ ಕೊಳದ ಕನಸು ಕಂಡವರಿಗೆ ಲಕ್ಷದ್ವೀಪವೇ ಬೇಕು. ಅಲ್ಲಿ ಹೊಳೆಯಿಲ್ಲ, ಆದುದರಿಂದಲೇ ಅಲ್ಲಿ ಹವಳವಿದೆ.

ಆ ದ್ವೀಪಗಳು ದಕ್ಷಿಣ ಕನ್ನಡಕ್ಕೆ ಪರದೇಶವಾಗಿದ್ದವೂ ಅಲ್ಲ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಅಮೀನಿ, ಕದ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾಗಳನ್ನೊಳಗೊಂಡ ಅಮೀನ್‌ದಿವಿ ದ್ವೀಪಗಳು ಕಂಪನಿ ಸರಕಾರದ ಕೈಸೇರಿ, ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿದ್ದ ‘ಮೊನೆಗಾರ’ನೆಂಬ ಅಧಿಕಾರಿ ಮಂಗಳೂರಿನ ಕಲೆಕ್ಟರರ ಅಧೀನ. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹಗ್ಗ ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಬದಲಿಗೆ ಅಕ್ಕಿ ಹೋಗುತ್ತಿತ್ತು. ಹಗ್ಗದ ವ್ಯಾಪಾರ ಸರಕಾರದ ಏಕಸ್ವಾಮ್ಯದಲ್ಲಿದ್ದುದರಿಂದ ಬೆಲೆ ನಿಗದಿಪಡಿಸುತ್ತಿದ್ದವರು ದಡದ ಮೇಲಿನವರೇ. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ, ಅಮೀನ್‌ದಿವಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹಂಚಿಹೋದವು. ಕಾಸರಗೋಡಿನ ಬಗ್ಗೆ ಇಂದಿಗೂ ಮಾತಾಡುವ ಜಿಲ್ಲೆ ಅಮೀನ್‌ದಿವಿಯನ್ನು ಮರೆತೇಬಿಟ್ಟಿದೆ. ಹಳೆ ಬಂದರಿನ ದಕ್ಕೆ ಮಾತ್ರ ಮರೆತಿಲ್ಲ.

ಆ ದಕ್ಕೆಯಲ್ಲಿ ನಿಂತು ಮಂಜಿಗಳಿಗೆ ಏರುವ ಸರಕನ್ನು ಗಮನಿಸಿದರೆ ಸಾಕು. ಅಕ್ಕಿ, ತರಕಾರಿ, ಸಿಮೆಂಟು, ಕಬ್ಬಿಣ, ಇಟ್ಟಿಗೆ, ಜಲ್ಲಿ, ಹೊಯ್ಗೆ. ದ್ವೀಪದಲ್ಲಿ ಕಲ್ಲಿನ ಗುಡ್ಡವಿಲ್ಲ, ನದಿಯಿಲ್ಲ. ಅಲ್ಲಿನ ಬಿಳಿ ಮರಳು ಹವಳದ ಪುಡಿ. ಒಂದು ಪಾಲು ಗಿಳಿಮೀನುಗಳು ಹವಳ ಕೆರೆದು ತಿಂದು ಹೊರಹಾಕಿದ್ದು. ಉಪ್ಪು ತುಂಬಿದ ಆ ಮರಳು ಕಾಂಕ್ರೀಟಿಗೆ ಒಗ್ಗದು. ಒಗ್ಗಿದರೂ ಅದನ್ನು ಬಾಚಿದರೆ ದ್ವೀಪವೇ ಕರಗುತ್ತದೆ. ಹೀಗಾಗಿ ದಡದ ಮರಳು, ದಡದ ಕಲ್ಲು ಮಂಜಿಯೇರಿ ಅಲ್ಲಿಗೆ ಹೋಗಬೇಕು. 2025ರ ಮೇ 12ರಂದು ಸಿಮೆಂಟು ಮತ್ತು ಕಟ್ಟಡ ಸಾಮಗ್ರಿ ಹೊತ್ತು ಮಂಗಳೂರಿನಿಂದ ಕದ್ಮತ್‌ಗೆ ಹೊರಟ ‘ಸಲಾಮತ್’ ಎಂಬ ಮಂಜಿ ಎರಡು ದಿನಗಳ ಬಳಿಕ ನಡುಗಡಲಲ್ಲಿ ಮುಳುಗಿತು. ಅದರಲ್ಲಿದ್ದ ಆರು ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಒಂದೊಂದು ಗೋಡೆ ಅಲ್ಲಿ ಏಳುವುದು ಎಷ್ಟು ಅಪಾಯದ ದಾರಿಯಲ್ಲಿ ಎಂಬುದಕ್ಕೆ ಈ ಒಂದು ಘಟನೆ ಸಾಕು.

ಹೊಯ್ಗೆ ಹುಟ್ಟುವುದು ಘಟ್ಟದಲ್ಲಿ. ಎತ್ತಿನಹೊಳೆ, ಕೆಂಪುಹೊಳೆ, ಅಡ್ಡಹೊಳೆ ಮೊದಲಾದವು ಕೂಡಿ ಗುಂಡ್ಯ ಹೊಳೆಯಾಗುತ್ತವೆ. ಅದು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಂದಿಗೆ ಕೂಡಿ, ಮಂಗಳೂರಿನ ಅಳಿವೆ ಮುಟ್ಟುತ್ತದೆ. ಪ್ರತಿ ಮಳೆಗಾಲದ ನೆರೆಯೂ ಶಿರಾಡಿ, ಬಿಸಿಲೆಯ ಕಲ್ಲನ್ನು ಅರೆದು ಕೆಳಕ್ಕೆ ನೂಕುತ್ತದೆ. ಮಂಜಿಗೆ ಏರುವ ಯಾವ ಕಣ ಯಾವ ಹೊಳೆಯದೆಂದು ಯಾರೂ ಗುರುತಿಸಲಾರರು. ಆದರೆ ಆ ನದಿ ಮರಳನ್ನು ಕಟ್ಟುವ ವೇಗಕ್ಕಿಂತ ಅದನ್ನು ಬಗೆಯುವ ವೇಗ ಹೆಚ್ಚೆಂಬುದನ್ನು ದಂಡೆಯಲ್ಲಿ ತೋಟ ಕುಸಿದವರು, ಬಾವಿಗೆ ಉಪ್ಪುನೀರು ನುಗ್ಗಿದವರು ಬಲ್ಲರು. ಮೇಲ್ಭಾಗದಲ್ಲಿಯಾದರೂ ಹೊಳೆಯನ್ನು ಇದ್ದಂತೆ ಬಿಟ್ಟಿದ್ದಾರೆಯೇ? 200 ಮೆಗಾವಾಟ್‌ನ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಎತ್ತಿನಹೊಳೆಯ ನೀರನ್ನು ಮೇಲಕ್ಕೆತ್ತುವ ಯೋಜನೆಯ ಮೊದಲ ಹಂತ ಮಾತ್ರ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಕಡಲಿಗೆ ಹರಿಯುವ ನೀರು ವ್ಯರ್ಥವೆಂದು ವೇದಿಕೆಗಳಲ್ಲಿ ಭಾಷಣ ಮಾಡುವವರು ಅದೇ ನೀರು ತರುವ ಮರಳಿಗೆ ಟೆಂಡರು ಕರೆಯುವಾಗ ಆ ಮಾತನ್ನು ನೆನೆಯುವುದಿಲ್ಲ.

ಇನ್ನು ದ್ವೀಪದ ಸ್ಥಿತಿ. ಮೂವತ್ತಾರು ದ್ವೀಪಗಳ ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯಂತೆ 64 ಸಾವಿರ ಜನ, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ. ಮಳೆಯ ನೀರು ಹವಳದ ಮರಳಿನೊಳಗೆ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಅಲ್ಲಿನ ಬಾವಿಗಳೆಲ್ಲ ಈ ಪದರಕ್ಕೆ ಅದ್ದಿದ ಕೊಡಗಳು. ಪಂಪು ಹಚ್ಚಿ ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತದೆ. ಶೌಚಗುಂಡಿ ಹೆಚ್ಚಾದರೆ ಅದರ ನೀರು ಅದೇ ಪದರಕ್ಕೂ ಹವಳದ ಕೊಳಕ್ಕೂ ಇಳಿಯುತ್ತದೆ. ಊರವರಿಗೇ ಸಾಲದೆಂದು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಸಮುದ್ರನೀರು ಸಿಹಿಗೊಳಿಸುವ ಘಟಕ ಸ್ಥಾಪಿಸಬೇಕಾಯಿತು. ವಿದ್ಯುತ್ತು ಬಹುಪಾಲು ಡೀಸೆಲಿನದು. ಡೀಸೆಲು ದಡದಿಂದ ಹಡಗಿನಲ್ಲಿ ಹೋಗಬೇಕು.

ಹವಳವೂ ಸುಖವಾಗಿಲ್ಲ. ಸಮುದ್ರದ ಶಾಖ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ, ಹವಳವು ತನ್ನೊಳಗೆ ನೆಲೆಸಿ ಆಹಾರ ಒದಗಿಸುವ ಪಾಚಿಯನ್ನು ಹೊರದೂಡಿ ಬಿಳಚಿಕೊಳ್ಳುತ್ತದೆ. 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಅಗತ್ತಿ, ಕದ್ಮತ್, ಕವರತ್ತಿಗಳ ದಿಬ್ಬಗಳನ್ನು ಎರಡು ದಶಕಗಳಿಗೂ ಮೀರಿ ಅಳೆಯುತ್ತ ಬಂದ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಸಂಶೋಧಕರು 2025ರಲ್ಲಿ ಪ್ರಕಟಿಸಿದ ವರದಿಯಂತೆ ಜೀವಂತ ಹವಳದ ಹರವು 1998ರ ಶೇ. 37ರಿಂದ 2022ಕ್ಕೆ ಶೇ. 19ರಷ್ಟಕ್ಕೆ ಇಳಿದಿದೆ. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ಎರಡು ಬಿಸಿ ವರ್ಷಗಳ ನಡುವೆ ಅದಕ್ಕೆ ಬೇಕಾದುದು ಬಿಡುವು. ಆ ಬಿಡುವಿನ ಕಾಲದಲ್ಲಿ ಲಂಗರು ಬೀಳಬಾರದು, ಹೂಳು ಕದಡಬಾರದು, ಹೊಲಸು ನೀರು ಇಳಿಯಬಾರದು.

ಇಷ್ಟನ್ನು ಹೇಳಿ ಬೆನ್ನಚೀಲದ ದಂಪತಿಯನ್ನು ಕಟಕಟೆಗೆ ತಂದು ನಿಲ್ಲಿಸುವುದು ಸುಲಭ. ಪರಿಸರದ ಬರವಣಿಗೆಯಲ್ಲಿ ಬಹುಮಟ್ಟಿಗೆ ಆಗುವುದೂ ಇದೇ: ಚಿಪ್ಸಿನ ಪೊಟ್ಟಣ ಎಸೆದವನು ಕಣ್ಣಿಗೆ ಬೀಳುತ್ತಾನೆ, ಬೆಟ್ಟ ಅಗೆದವನು ಬೀಳುವುದಿಲ್ಲ. ದ್ವೀಪಕ್ಕೆ ಹೋದ ದಂಪತಿ ನಾಲ್ಕಾರು ದಿನ ಏನು ಮಾಡುತ್ತಾರೆ? ಊರವರ ಮನೆಯಲ್ಲೋ ಅಗ್ಗದ ತಂಗುಮನೆಯಲ್ಲೋ ಉಳಿದು, ಮನೆಯವರು ಬಡಿಸಿದ ಮೀನು, ಅನ್ನ ಉಣ್ಣುತ್ತಾರೆ. ಹಾಯಿದೋಣಿಯಲ್ಲಿ ಗಾಳಿಯ ಬಲದಿಂದ ಕೊಳ ಸುತ್ತುತ್ತಾರೆ. ಉಸಿರುಕೊಳವೆ ಕಚ್ಚಿ ಎರಡು ಗಂಟೆ ತೇಲುತ್ತಾರೆ. ಅವರಿಂದ ಹಾನಿಯಾಗುವುದುಂಟು. ದಣಿದಾಗ ಕಾಲೂರಲು ಹವಳದ ತಲೆಯೇ ಸಿಕ್ಕರೆ ಅದು ಮುರಿಯುತ್ತದೆ. ಮೈಗೆ ಬಳಿದ ಸನ್‌ಸ್ಕ್ರೀನ್ ಮುಲಾಮಿನ ಕೆಲವು ರಾಸಾಯನಿಕಗಳು ಹವಳಕ್ಕೆ ಕೇಡೆಂಬ ಆತಂಕದಿಂದ ಪಲಾವು ದೇಶ 2020ರಿಂದ, ಹವಾಯಿ ರಾಜ್ಯ 2021ರಿಂದ ಅವುಗಳನ್ನು ತಡೆದಿವೆ. ಆದರೆ ಈ ಹಾನಿಯನ್ನು ಹತ್ತು ನಿಮಿಷದ ತಿಳಿವಳಿಕೆ, ಒಂದು ಉದ್ದತೋಳಿನ ಅಂಗಿ, ಲಂಗರಿಗೆ ಬದಲಾಗಿ ದೋಣಿ ಕಟ್ಟಲು ತೇಲುಗುಂಡು, ಇಷ್ಟರಿಂದಲೇ ಬಹುಪಾಲು ತಡೆಯಬಹುದು. ಮುಖ್ಯವಾಗಿ, ಅವರಿಗಾಗಿ ಮಂಗಳೂರಿನಿಂದ ಒಂದು ಮಂಜಿ ಹೊಯ್ಗೆಯೂ ಹೋಗಬೇಕಾಗಿಲ್ಲ. ಮನೆ ಮೊದಲೇ ಅಲ್ಲಿದೆ.

ಹೊಯ್ಗೆ ಬೇಕಾಗುವುದು ಬೇರೆಯವರಿಗೆ. 2023ರ ಜನವರಿಯಲ್ಲಿ ಟಾಟಾ ಸಮೂಹದ ಹೋಟೆಲ್ ಸಂಸ್ಥೆ ಸುಹೇಲಿ ಮತ್ತು ಕದ್ಮತ್ ದ್ವೀಪಗಳಲ್ಲಿ ತಲಾ 110 ಕೋಣೆಗಳ ವಿಹಾರಧಾಮಗಳನ್ನು ಘೋಷಿಸಿತು. ಸುಹೇಲಿಯಲ್ಲಿ 50, ಕದ್ಮತ್‌ನಲ್ಲಿ 35 ಕೋಣೆಗಳು ನೀರಿನ ಮೇಲೆಯೇ ಕಂಬ ಊರಿ ನಿಲ್ಲುವಂಥವು. ಕಂಬ ಊರುವುದು ಹವಳದ ದಿಬ್ಬ ಕಾಯ್ದ ಕೊಳದಲ್ಲಿ. ಟ್ಯೂನಾ ಹಿಡಿಯುವ ದ್ವೀಪದ ಬೆಸ್ತರು ಗಾಳಕ್ಕೆ ಬೇಕಾದ ಜೀವಂತ ಮರಿಮೀನುಗಳನ್ನು ಹಿಡಿಯುವುದೂ ಅದೇ ಕೊಳಗಳಲ್ಲಿ. ಒಂದು ಕೋಣೆಯ ಅತಿಥಿ ಒಂದು ದಿನಕ್ಕೆ ಬಳಸುವ ಸಿಹಿನೀರು, ಹವಾನಿಯಂತ್ರಣಕ್ಕೆ ಉರಿಯುವ ಡೀಸೆಲು, ಗೋಡೆಗೆ ಹೋದ ಸಿಮೆಂಟು, ಜಲ್ಲಿ ಇವುಗಳನ್ನು ಬೆನ್ನಚೀಲದ ದಂಪತಿಯ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದವರು ಯಾರು? 2021ರಲ್ಲಿ ದ್ವೀಪಾಡಳಿತ ಮುಂದಿಟ್ಟ ಅಭಿವೃದ್ಧಿ ಪ್ರಾಧಿಕಾರದ ಕರಡು, ನೆಲ ವಶಪಡಿಸಿಕೊಳ್ಳುವ ಅಧಿಕಾರವನ್ನು ಬೇಡಿದಾಗ ದ್ವೀಪದ ಜನ ಬೀದಿಗಿಳಿದದ್ದು ಪ್ರವಾಸಿಗರ ವಿರುದ್ಧವಾಗಿರಲಿಲ್ಲ. ಆ ಪ್ರವಾಸಿಗರ ಹೆಸರಿನಲ್ಲಿ ತಮ್ಮ ನೆಲ ಕೈತಪ್ಪುವುದರ ವಿರುದ್ಧವಾಗಿತ್ತು.

1967ರ ನಿಯಮದಂತೆ ಹೊರಗಿನವರು ಅನುಮತಿಪತ್ರವಿಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲ. ಬುಡಕಟ್ಟು ಜನರೆಂದು ಪರಿಗಣಿತರಾದ ದ್ವೀಪವಾಸಿಗಳ ರಕ್ಷಣೆಗಾಗಿ ಮಾಡಿದ ಈ ನಿಯಮ ಒಳ್ಳೆಯದೇ. ಇದನ್ನು ಸಡಿಲಿಸಬೇಕೆಂಬ ಕೂಗು ಮಂಗಳೂರಿನಿಂದ ಆಗಾಗ ಏಳುತ್ತದೆ. ಅದಕ್ಕೆ ಕರಾವಳಿಯ ಪರಿಸರವಾದಿಗಳು ದನಿಗೂಡಿಸಬಾರದು. ಕೇಳಬೇಕಾದುದು ಬೇರೆ: ಅನುಮತಿಯ ಸಂಖ್ಯೆಯನ್ನು ಯಾವ ಅಳತೆಯಿಂದ ನಿಗದಿಪಡಿಸಲಾಗುತ್ತಿದೆ? ಹಾಸಿಗೆಗಳ ಸಂಖ್ಯೆಯಿಂದಲೋ, ಕೊಳದ ತಾಳಿಕೆಯಿಂದಲೋ? ಹಾಸಿಗೆಯನ್ನೇ ಅಳತೆಯಾಗಿ ಹಿಡಿದರೆ ಹಾಸಿಗೆ ಹೆಚ್ಚಿದಂತೆ ಅನುಮತಿಯೂ ಹೆಚ್ಚುತ್ತದೆ. ಆಗ 1967ರ ನಿಯಮ ಹೋಟೆಲಿನ ಬಾಗಿಲು ಕಾಯುವ ಕೆಲಸಕ್ಕೆ ಇಳಿಯುತ್ತದೆ.

ಅಳತೆ ಅಸಾಧ್ಯವೇನಲ್ಲ. ಹಾಲಿವುಡ್ ಚಿತ್ರವೊಂದರಿಂದ ಪ್ರಸಿದ್ಧವಾದ ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ಅಲ್ಲಿನ ಸರಕಾರ 2018ರ ಜೂನಿನಲ್ಲಿ ಮುಚ್ಚಿತು. ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಒಮ್ಮೆಗೆ ಇಂತಿಷ್ಟೇ ಜನವೆಂಬ ಮಿತಿಯಿದೆ. ಅಷ್ಟು ದೂರ ಹೋಗುವುದೂ ಬೇಡ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಏರಿನಲ್ಲಿ ಸಾವಿರಾರು ಮಂದಿ ಜಾತ್ರೆಯ ಸರತಿಯಂತೆ ನಿಂತ ದೃಶ್ಯ ರಾಜ್ಯವೆಲ್ಲ ನೋಡಿತು. ಅರಣ್ಯ ಇಲಾಖೆ ಚಾರಣವನ್ನು ತಡೆದು, ಅದೇ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ನೋಂದಣಿ ವ್ಯವಸ್ಥೆ ತಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. 300 ಎಂಬುದು ಹೆಚ್ಚೆಂದು ವಾದಿಸಲು ಅವಕಾಶವಿದೆ. ಪುಷ್ಪಗಿರಿ ಅಭಯಾರಣ್ಯದ ಹುಲ್ಲುಗಾವಲು ಅದನ್ನು ವರ್ಷವಿಡೀ ತಾಳಬಲ್ಲುದೆ ಎಂಬುದನ್ನು ಅಳೆದು ನೋಡಬೇಕು. ಆದರೂ ಸಂಖ್ಯೆ ಮೊದಲು, ಸೌಕರ್ಯ ಆಮೇಲೆ ಎಂಬ ಕ್ರಮ ಒಮ್ಮೆ ನೆಲೆಗೊಂಡರೆ ಮುಂದಿನ ಜಗಳಕ್ಕೊಂದು ಆಧಾರ ಸಿಗುತ್ತದೆ. ಲಕ್ಷದ್ವೀಪದಲ್ಲಿ ಈಗ ನಡೆಯುತ್ತಿರುವುದು ಇದರ ತಿರುಗುಮುರುಗು: ಕೋಣೆ ಮೊದಲು, ಹಡಗು ಆಮೇಲೆ, ಸಂಖ್ಯೆಯ ಮಾತು ಕೊನೆಗೆ.

ದ್ವೀಪದವರಿಗೂ ದುಡಿಮೆ ಬೇಡವೇ ಎಂಬ ಪ್ರಶ್ನೆ ನ್ಯಾಯವಾದುದು. ತೆಂಗು ಮತ್ತು ಟ್ಯೂನಾ ಎರಡನ್ನೇ ನೆಚ್ಚಿದ ಜನಕ್ಕೆ ಪ್ರವಾಸಿಗರ ಹಣ ಬೇಡವೆನ್ನುವ ಅಧಿಕಾರ ಘಟ್ಟದ ಬುಡದವರಿಗಿಲ್ಲ. ಗುಂಡ್ಯದ ಚಹಾದಂಗಡಿ ನಡೆಯುವುದೂ ದಾರಿಹೋಕರಿಂದಲೇ ತಾನೆ? ಆದರೆ ಮನೆಯ ಎರಡು ಕೋಣೆ ಬಾಡಿಗೆಗೆ ಬಿಟ್ಟ ಕದ್ಮತ್‌ನ ಸಂಸಾರಕ್ಕೆ ಬರುವ ಹಣ ಅದೇ ಊರಿನಲ್ಲಿ ಉಳಿಯುತ್ತದೆ. ಆ ಸಂಸಾರ ಹವಳ ಸತ್ತರೆ ಅತಿಥಿ ಬಾರನೆಂಬುದನ್ನೂ ಬಲ್ಲುದು. ನೀರ ಮೇಲಿನ ಕೋಣೆಗೆ ಹೂಡಿಕೆ ಮಾಡಿದವನಿಗೆ ಇನ್ನೊಂದು ಕಡಲು, ಇನ್ನೊಂದು ದ್ವೀಪ ಇದ್ದೇ ಇದೆ.

ಮಂಗಳೂರಿನ ಹಳೆ ಬಂದರಿನಲ್ಲಿ ದ್ವೀಪದ ಹಡಗುಗಳಿಗೆಂದೇ ಪ್ರತ್ಯೇಕ ದಕ್ಕೆ ಕಟ್ಟುವ ಯೋಜನೆ ಸಾಗರಮಾಲಾದಡಿ ರೂಪುಗೊಂಡಿದೆ. ಅದರ ವಿಚಾರದಲ್ಲಿ ಕೇಳಲೇಬೇಕಾದ ಕೆಲವು ಲೆಕ್ಕಗಳಿವೆ. ವರ್ಷಕ್ಕೆ ಎಷ್ಟು ಹೊಯ್ಗೆ, ಎಷ್ಟು ಜಲ್ಲಿ ಯಾವ ದ್ವೀಪದ ಯಾವ ಕೆಲಸಕ್ಕೆ ಹೋಯಿತೆಂಬುದನ್ನು ಬಂದರು ಇಲಾಖೆ ಪ್ರಕಟಿಸಲಿ. ಊರವರ ಮನೆ, ಶಾಲೆ, ಆಸ್ಪತ್ರೆಗೆ ಹೋಗುವ ಮರಳಿಗೆ ಯಾರದೂ ಆಕ್ಷೇಪವಿರಲಾರದು. ವಿಹಾರಧಾಮಕ್ಕೆ ಹೋಗುವುದನ್ನು ಪ್ರತ್ಯೇಕವಾಗಿ ತೋರಿಸಲಿ. ಆ ಹೊಯ್ಗೆ ತೆಗೆದ ನದಿಪಾತ್ರದ ಗ್ರಾಮ ಪಂಚಾಯತಿಗೆ ಆ ಲೆಕ್ಕದ ಪ್ರತಿ ಬರಲಿ. ಜಿಲ್ಲೆಯ ಚಾರಣ ಬಳಗಗಳು ತಮ್ಮ ಸದಸ್ಯರನ್ನು ದ್ವೀಪಕ್ಕೆ ಕರೆದೊಯ್ಯುವುದಾದರೆ ಊರವರ ಮನೆಯಲ್ಲಿಯೇ ಉಳಿಸಲಿ. ಈಜು ಬಾರದವರನ್ನು ಹವಳದ ಮೇಲೆ ಇಳಿಸದಿರಲಿ; ಮೀನಿಗೆ ಬ್ರೆಡ್ಡು ಎಸೆಯುವ ಚಟ ಬಿಡಿಸಲಿ; ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಅದೇ ಚೀಲದಲ್ಲಿ ಮಂಗಳೂರಿಗೆ ಮರಳಿ ತರಲಿ. ಎಡಕುಮೇರಿಯ ಹಳಿಯ ಪಕ್ಕದ ಬಾಟಲಿಗಳನ್ನು ಹೆಕ್ಕಲು ಕೊನೆಗೆ ಈ ಊರಿನ ಕೈಗಳಾದರೂ ಇದ್ದವು. 32 ಚದರ ಕಿಲೋಮೀಟರಿನ ನೆಲದಲ್ಲಿ ಹೆಕ್ಕಿದ್ದನ್ನು ಇಡಲು ಜಾಗವೇ ಇಲ್ಲ.